ತಿದ್ದುಪಡಿ ಆಮೇಲೆ

ಚೀಟಿ ಬಿಚ್ಚಿದಾಗ ಹುಲಿಗೆಮ್ಮನಿಗೆ ಬಂದದ್ದು ಜೇನು.

ಸಂಸತ್ತಿನ ದೊಡ್ಡ ಹಜಾರದಲ್ಲಿ ಅವತ್ತು ಹಬ್ಬದ ಗದ್ದಲ. ಸದಸ್ಯರು ಒಬ್ಬೊಬ್ಬರಾಗಿ ಬಂದು ಗಾಜಿನ ಪೆಟ್ಟಿಗೆಗೆ ಕೈಹಾಕಿ ತಮ್ಮ ಪಾಲಿನ ವಿಷಯ ಎತ್ತಿಕೊಳ್ಳುತ್ತಿದ್ದರು. ಒಬ್ಬರಿಗೆ ಉಪ್ಪು, ಒಬ್ಬರಿಗೆ ಲಸಿಕೆ, ಇನ್ನೊಬ್ಬರಿಗೆ ರೈಲು ಸಿಗ್ನಲ್ಲು. ಒಂದು ಕಾಲಕ್ಕೆ ಕುಸ್ತಿಯಾಡಿ ಹೆಸರು ಮಾಡಿದ್ದ ಸದಸ್ಯರಿಗೆ ಬಾಣಂತಿ ಆರೈಕೆ ಬಂದಾಗ ಎಲ್ಲ ಪಕ್ಷದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಲಿಗೆಮ್ಮನೂ ನಕ್ಕಳು. ಆಮೇಲೆ ತನ್ನ ಚೀಟಿ ನೋಡಿದಳು. ‘ಜೇನು ಮತ್ತು ಪರಾಗಸ್ಪರ್ಶ’ ಎಂದಿತ್ತು. ಮಡಚಿ ಮತ್ತೆ ಬಿಚ್ಚಿ ನೋಡಿದರೂ ಹಾಗೇ ಇತ್ತು.

ವಿಷಯ ಸದಸ್ಯತ್ವದ ಕಾಯಿದೆ ಆಗಿದ್ದು ಅದರ ಹಿಂದಿನ ಅಧಿವೇಶನದಲ್ಲಿ. ಎಲ್ಲದರ ಬಗ್ಗೆ ಗಂಟಲು ಹರಿಯುವಂತೆ ಕೂಗುವ ಇವರಿಗೆ ಒಂದರ ಬಗ್ಗೆಯೂ ನೆಟ್ಟಗೆ ಗೊತ್ತಿಲ್ಲ ಎಂದು ಜನ ರೋಸಿಹೋಗಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಆದ್ದರಿಂದ ಇನ್ನು ಮುಂದೆ ಒಬ್ಬ ಸದಸ್ಯರಿಗೆ ಒಂದೇ ವಿಷಯ. ಆ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ, ಉಳಿದವರು ಮೇಜು ಕುಟ್ಟಿದರೆ ಸಾಕು. ಅವರವರ ಊರಿಗೆ ಬೇಕಾದ್ದನ್ನು ಅವರವರೇ ಆರಿಸಿಕೊಂಡರೆ ಪಕ್ಷಪಾತವಾಗುತ್ತದೆಂದು ಚೀಟಿ ಎತ್ತುವ ಪದ್ಧತಿ. ಇನ್ನು ಕೂತು ಓದಿ ಪಂಡಿತರಾಗಲು ಯಾವ ರಾಜಕಾರಣಿಗೆ ಪುರುಸೊತ್ತಿದೆ? ಅದಕ್ಕೆಂದೇ ಕಸಿ. ಕಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡದೊಂದು ಬಿಲ್ಲೆ ಕೂರಿಸಿದರೆ ಮನಸ್ಸು ಆ ವಿಷಯಕ್ಕೆ ತಾನಾಗಿ ಒಲಿಯುತ್ತದೆ ಎಂದು ವಿಜ್ಞಾನಿಗಳು ಹೇಳಿದ್ದರು.

ಹುಲಿಗೆಮ್ಮನಿಗೆ ಆಗಲೇ ಅನುಮಾನವಿತ್ತು. ಆದರೆ ಅವಳು ಮೊದಲ ಸಲ ಆರಿಸಿ ಬಂದವಳು. ಪಕ್ಕದಲ್ಲಿ ಕೂತ ಹಿರಿಯರನ್ನು ಕೇಳಿದರೆ ಅವರು ಮುಗುಳ್ನಕ್ಕು, “ಮೊದಲು ಪಾಸಾಗಲಿ, ತಿದ್ದುಪಡಿ ಆಮೇಲೆ ತಂದರಾಯಿತು” ಅಂದಿದ್ದರು. ಸದನದಲ್ಲಿ ಎಲ್ಲ ಅನುಮಾನಕ್ಕೂ ಇದೊಂದೇ ಮದ್ದು. ಅವಳೂ ಕೈಯೆತ್ತಿದ್ದಳು.

ಅವಳು ದಿಲ್ಲಿಗೆ ಬಂದದ್ದು ಒಂದೇ ಒಂದು ಕೆಲಸಕ್ಕೆ. ಕೃಷ್ಣೆಯ ನಡುವೆ ಹೊಂಗರಗಡ್ಡಿ ಎಂಬ ಅವಳ ತವರೂರು. ಅಂಬಿಗರ ನಾಲ್ಕಾರು ಓಣಿಗಳು, ಸುತ್ತ ನೀರು. ದಡ ಸೇರಲು ಪುಟ್ಟಿಯೇ ಗತಿ. ಬಿದಿರು ಹೆಣೆದು ಡಾಂಬರು ಬಳಿದ ಆ ದುಂಡನೆಯ ದೋಣಿ ಹೊಳೆ ಶಾಂತವಾಗಿದ್ದರೆ ಸರಿ, ಮೇಲಿನ ಅಣೆಕಟ್ಟಿನ ಗೇಟು ತೆಗೆದರೆಂದರೆ ಊರು ಊರಾಗಿ ಉಳಿಯುವುದಿಲ್ಲ, ಜೈಲಾಗುತ್ತದೆ. ಅವಳ ತಮ್ಮ ಮಾನಪ್ಪ ಅಲ್ಲೇ ಇದ್ದಾನೆ. ಹೊಳೆಯಲ್ಲಿ ಅವನಷ್ಟು ಚೆನ್ನಾಗಿ ಹುಟ್ಟು ಹಾಕುವವರಿರಲಿಲ್ಲ. ಎರಡೂ ಕಿಡ್ನಿ ಹೋದ ಮೇಲೆ ಅವನ ಹೆಂಡತಿ ದುರಗಮ್ಮನೇ ಅವನನ್ನು ಪುಟ್ಟಿಯಲ್ಲಿ ಕೂರಿಸಿಕೊಂಡು, ವಾರಕ್ಕೆರಡು ಸಲ ಹೊಳೆ ದಾಟಿಸಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿ ತರುತ್ತಾಳೆ. ಒಂದು ವಾರ ದಾಟಲು ಆಗದಿದ್ದರೆ ಅವನ ಕತೆ ಮುಗಿದಂತೆ. ದಡಕ್ಕೆ ಬಂದು ಬಾಡಿಗೆ ಮನೆಯಲ್ಲಿರು ಎಂದು ಅಕ್ಕ ಗೋಗರೆದಿದ್ದಳು. “ಹೊಳಿ ಸಪ್ಪಳ ಇಲ್ದ ನನಗ ನಿದ್ದಿ ಬರೂದಿಲ್ಲಬೇ, ನೀ ಸೇತುವಿ ತಾ, ಅಷ್ಟರಮಟ ನಾ ಇರ್ತೀನಿ” ಅಂದಿದ್ದ. ಅವಳ ಚುನಾವಣೆಯ ಭಾಷಣವೂ ಅಷ್ಟೇ: ಸೇತುವಿ ತರ್ತೀನಿ.

ಅಂಥವಳ ಕೈಗೆ ಜೇನಿನ ಚೀಟಿ ಬಂದಿತ್ತು.

ಕ್ಯಾಂಟೀನಿನಲ್ಲಿ ಸಪ್ಪಗೆ ಕೂತಿದ್ದವಳ ಎದುರು ಚಹಾ ಹಿಡಿದುಕೊಂಡು ಬಂದು ಕೂತವರು ಕೋಲಾರದ ಕಡೆಯ ಸದಸ್ಯ ಪಿಳ್ಳವೆಂಕಟಪ್ಪ. ನರೆತ ಮೀಸೆ, ದೊಡ್ಡ ದನಿ.

“ನಮ್ಮ ಹಣೆಬರಾನ ನೋಡಮ್ಮಾ. ನಮ್ ಕಡೆ ಹೊಳೆ ಅನ್ನೋದು ಇಸ್ಕೂಲು ಪುಸ್ತಕದಾಗೆ ಮಾತ್ರ ಐತೆ. ನನಗೆ ಬಂದಿರೋದು ‘ನದಿ ದಾಟು ಮತ್ತು ಕಿರುಸೇತುವೆ’!”

ಹುಲಿಗೆಮ್ಮ ಎದ್ದು ನಿಂತೇ ಬಿಟ್ಟಳು. “ಅಣ್ಣಾರ, ನನಗ ಜೇನು ಬಂದೈತ್ರಿ!”

ಈಗ ಕಣ್ಣರಳಿಸುವ ಸರದಿ ಪಿಳ್ಳವೆಂಕಟಪ್ಪನವರದು. ಅವರ ಕ್ಷೇತ್ರದಲ್ಲಿ ಕುಂಬಳ, ಸೌತೆ ಬಳ್ಳಿ ತುಂಬ ಹೂವು ಬಿಡುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. ಜೇನುಹುಳುಗಳೇ ನಾಪತ್ತೆ. “ಹೆಂಗಸ್ರು ಬೆಳಿಗ್ಗೆ ಎದ್ದು ಕೋಳಿಪುಕ್ಕ ಹಿಡ್ಕಂಡು ಹೂವಿಂದ ಹೂವಿಗೆ ಪುಡಿ ಹಚ್ಕಂಡು ಓಡಾಡ್ತಾರಮ್ಮಾ. ನೋಡಿದ್ರೆ ಕಣ್ಣಾಗೆ ನೀರು ಬರ್ತದೆ” ಅಂದರು.

ಅದಲುಬದಲಿಗೆ ಕಾಯಿದೆಯಲ್ಲಿ ಅವಕಾಶವೂ ಇತ್ತು. ಆದರೆ ಕಸಿ ಮಾಡಿಸಿಕೊಂಡವರಿಗೆ ಮಾತ್ರ ಅರ್ಜಿ ಹಾಕುವ ಹಕ್ಕು, ಅದೂ ಅಧಿವೇಶನದ ಕೊನೆಯ ದಿನ, ಇಬ್ಬರೂ ಎದುರಿಗೆ ಬಂದು ಒಪ್ಪಿದರೆ. ಆ ದಿನ ದಾಟಿದರೆ ಬಿಲ್ಲೆ ನರಕ್ಕೆ ಕೂಡಿಕೊಂಡುಬಿಡುತ್ತದೆ. ಆಮೇಲೆ ಅವಧಿ ಮುಗಿಯುವವರೆಗೂ ಅದೇ ವಿಷಯ. ಇದು ಹುಲಿಗೆಮ್ಮನಿಗೆ ಯಾಕೋ ಸರಿಕಾಣಲಿಲ್ಲ.

“ಮೊದಲ ಬದಲ್ ಮಾಡಿಕೊಂಡು ಆಮ್ಯಾಲ ಹಾಕಿಸ್ಕೊಂಡ್ರ ಏನಾಗತೈತ್ರಿ ಇವರಿಗೆ?”

“ಅಯ್ಯೋ, ಹಾಕಿಸ್ಕಂಡುಬಿಡಾನ ಬಾಮ್ಮಾ. ತಿದ್ದುಪಡಿ ಆಮೇಲೆ” ಎಂದರು ಪಿಳ್ಳವೆಂಕಟಪ್ಪ. ಇಪ್ಪತ್ತು ವರ್ಷ ಸದನದಲ್ಲಿ ಸವೆದ ನಾಲಿಗೆ ಅದು. ಇಬ್ಬರೂ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟುಕೊಂಡರು. ಇನ್ನೊಂದು ಚಹಾ ಕುಡಿದರು.

*

ಕಸಿ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಕನ್ನಡದ ದನಿ ಕೇಳಿ ಹುಲಿಗೆಮ್ಮನಿಗೆ ಜೀವ ಬಂದಂತಾಯಿತು. ಡಾಕ್ಟರ್ ಶೈಲಜಾ ಪಾಂಡುರಂಗಿ ಧಾರವಾಡದವರು. ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತೋರಿಸಿದರು.

“ನೋಡ್ರಿ ಮೇಡಂ, ಯಾವುದರೆ ವಿಷಯ ನಮಗ ಹಿಡಿಸ್ತು ಅಂದ್ರ ಮಿದುಳು ತನಗ ತಾನ ಒಂದು ಚೂರು ಸಕ್ಕರಿ ಕೊಟ್ಟುಕೋತದ ಅಂತ ತಿಳೀರಿ. ಆ ಆಸೆಗೇ ಮನಸ್ಸು ಮತ್ತ ಅಲ್ಲಿಗೇ ಹೋಗ್ತದ. ಈ ಬಿಲ್ಲೆ ಆ ಸಕ್ಕರಿ ಡಬ್ಬಿ ಕಾಯ್ತದ. ನಿಮ್ಮ ವಿಷಯ ಬಂದ್ರ ಧಾರಾಳ ಕೊಡ್ತದ.”

“ಉಳದದ್ದಕ್ಕ?”

“ಡಬ್ಬಿ ಒಂದ ಅಲ್ಲೇನ್ರಿ? ಒಂದು ಕಡೆ ಧಾರಾಳ ಆದ್ರ ಇನ್ನೊಂದು ಕಡೆ ಕೈ ಬಿಗಿ ಆಗೂದ.”

ಹುಲಿಗೆಮ್ಮ, “ನನ್ನ ತಮ್ಮನ್ನ ಮರೀತೀನೇನ್ರಿ?” ಎಂದು ಕೇಳಿದಳು.

“ಛೇ, ಛೇ. ಒಂದೂ ಮರಿಯೂದಿಲ್ಲ. ನೆನಪಿಗೆ ನಾವು ಕೈನೂ ಹಚ್ಚೂದಿಲ್ಲ” ಎಂದರು ಡಾಕ್ಟರು. ಅವರು ಸುಳ್ಳು ಹೇಳುವ ಹೆಂಗಸಲ್ಲ. ಹೇಳಿದ್ದು ಪೂರ್ತಿ ನಿಜವೇ ಆಗಿತ್ತು.

ಆದರೂ ಹುಲಿಗೆಮ್ಮ ತನ್ನ ಎಚ್ಚರಿಕೆಯಲ್ಲಿ ತಾನಿದ್ದಳು. ಕುರ್ಚಿಗೆ ಒರಗುವ ಮೊದಲು ಸೆರಗಿನ ತುದಿ ಹಿಡಿದು ಬಿಗಿಯಾಗಿ ಒಂದು ಗಂಟು ಹಾಕಿದಳು. ಅವಳವ್ವ ಸಂತೆಯಲ್ಲಿ ಮರೆಯಬಾರದ್ದಕ್ಕೆ ಹಾಕುತ್ತಿದ್ದ ಗಂಟು. ಇದು ಸೇತುವೆಗೆ, ಇದೇ ಮಾನಪ್ಪನಿಗೆ. ಸೀರೆ ಬದಲಾದಾಗೆಲ್ಲ ಹೊಸ ಸೆರಗಿಗೂ ಗಂಟು ಹಾಕಬೇಕು ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡಳು. ಅದನ್ನು ಕೊನೆಯವರೆಗೂ ತಪ್ಪದೆ ಪಾಲಿಸಿದಳು ಕೂಡ.

*

ಕಸಿಯಾದ ಮೇಲಿನ ದಿನಗಳು ಕೆಟ್ಟದಾಗಿದ್ದವು ಎಂದರೆ ಸುಳ್ಳಾಗುತ್ತದೆ. ಹುಲಿಗೆಮ್ಮ ಅಷ್ಟು ಸುಖವಾಗಿ ಹಿಂದೆಂದೂ ಇರಲಿಲ್ಲ.

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ಬೆಳಗಾದರೆ ತುಡುವೆ, ಕೋಲ್ಜೇನು, ಹೆಜ್ಜೇನು ಎಂದು ಓದಲು ಕೂರುತ್ತಿದ್ದಳು. ಓದಿದ್ದು ಒಂದೂ ಮರೆಯುತ್ತಿರಲಿಲ್ಲ. ದಿಲ್ಲಿಯ ಬೀದಿಬದಿಯ ಬೇವು ಹೂಬಿಟ್ಟರೆ ಕಾರು ನಿಲ್ಲಿಸಿ ಕೆಳಗೆ ನಿಂತುಬಿಡುತ್ತಿದ್ದಳು. ಜೇನಿನ ಮಸೂದೆಯ ಮೇಲೆ ಅವಳು ಮಾತಾಡಿದ ದಿನ ಸದನ ಗಪ್‌ಚಿಪ್.

“ಕೆಲಸಗಾರ ಜೇನು ಒಂದ ಕೆಲಸಕ್ಕ ಹುಟ್ಟಿದ್ದಲ್ರಿ, ಸಭಾಧ್ಯಕ್ಷರ” ಅಂದಳು. “ಹುಟ್ಟಿದ ಕೂಡ್ಲೇ ಗೂಡು ಬಳೀತೈತಿ. ಆಮ್ಯಾಲ ಮರಿಗೆ ಉಣಸತೈತಿ, ಮೇಣ ಕಟ್ಟತೈತಿ, ಬಾಗಲಾ ಕಾಯತೈತಿ, ಕಡೀಗೆ ಹೂವಿಗೆ ಹೊಕ್ಕೈತಿ. ಹೊರಗ ಹೋದವ್ರು ಸತ್ರಂದ್ರ, ಮರಿ ನೋಡಾವ್ರು ಕೆಲಸ ಬಿಟ್ಟು ಹೂವಿಗೆ ಓಡತಾವ. ಇದು ನನ್ನ ಕೆಲಸ ಅಲ್ಲ ಅಂತ ಯಾವ ಹುಳಾನೂ ಅನ್ನೂದಿಲ್ರಿ. ಅದಕ್ಕ ಗೂಡು ಉಳೀತೈತಿ.”

ಮೇಜು ಕುಟ್ಟಿ ಕುಟ್ಟಿ ಎಲ್ಲರ ಕೈ ಕೆಂಪಾಯಿತು. ಯಾರಿಗೂ ಏನೂ ಹೊಳೆಯಲಿಲ್ಲ. ಹೇಳಿದವಳಿಗಂತೂ ಹೇಳುವ ಸವಿಯೊಂದು ಬಿಟ್ಟು ಬೇರೇನೂ ಬೇಕಿರಲಿಲ್ಲ. ಜೇನುಗಳ ಪ್ರಾಣ ತೆಗೆಯುತ್ತಿದ್ದ ಕೀಟನಾಶಕಗಳು ಆ ಮಸೂದೆಯಿಂದ ನಿಂತವು. ಒಳ್ಳೆಯ ಕಾಯಿದೆಯೇ ಅದು. ಕೋಲಾರದ ಕಡೆ ಕುಂಬಳದ ಬಳ್ಳಿಯಲ್ಲಿ ಮತ್ತೆ ಕಾಯಿ ಕಚ್ಚತೊಡಗಿತು ಎಂದು ಸುದ್ದಿ ಬಂತು.

ಊರಿನಿಂದ ಫೋನು ಬರುತ್ತಿತ್ತು. ಮೊದಮೊದಲು ಎಂದಿನಂತೆ.

“ಅಕ್ಕಾ, ಉಂಡಿಯೇನು?”

“ಉಂಡ್ನೆಪಾ. ನೀ ಹ್ಯಾಂಗದಿ? ಕಾಲು ಬಾವು ಇಳೀತೇನು?”

“ಇಳದಿಲ್ಲಬೇ. ಮೊನ್ನಿ ಗಾಳಿ ಜೋರಿತ್ತು, ಪುಟ್ಟಿ ಗಿರಗಿರ ತಿರಗಿ ದುರಗಿ ಭುಜಾನೇ ಹಿಡಕೊಂಡೈತಿ...”

ಮಾನಪ್ಪ ಹೇಳುತ್ತಲೇ ಇದ್ದ. ಹುಲಿಗೆಮ್ಮ ಹೂಂಗುಟ್ಟುತ್ತಲೇ ಇದ್ದಳು. ಕಿವಿಗೆ ಎಲ್ಲ ಬೀಳುತ್ತಿತ್ತು, ಯಾವುದೂ ಒಳಗೆ ನಿಲ್ಲುತ್ತಿರಲಿಲ್ಲ. ಉಪ್ಪಿಲ್ಲದ ಅಂಬಲಿ ಕುಡಿದ ಹಾಗೆ. ಫೋನಿಟ್ಟ ಮೇಲೆ ಸೆರಗಿನ ಗಂಟು ಕಂಡು ಅವಳಿಗೆ ದಿಗಿಲಾಯಿತು. ತಮ್ಮನ ಮುಖ ನೆನಪಿದೆ, ಅವನಿಗೇನಾಗಿದೆ ಎಂಬುದೂ ಗೊತ್ತಿದೆ, ಆದರೆ ಎದೆಯಲ್ಲಿ ಚುರುಕ್ಕೆನ್ನಬೇಕಾದ್ದು ಚುರುಕ್ಕೆನ್ನುತ್ತಿಲ್ಲ. ಅವಳು ಗಂಟನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಅಳಲು ನೋಡಿದಳು. ಅಷ್ಟರಲ್ಲಿ ಕಿಟಕಿಯ ಹೊರಗೆ ಗುಂಯ್‌ ಅಂದಿತು. ತಲೆ ತಾನಾಗಿ ಆ ಕಡೆ ತಿರುಗಿತು.

ನಾನಿಲ್ಲದಿದ್ದರೇನು, ಪಿಳ್ಳವೆಂಕಟಪ್ಪ ಅಣ್ಣ ಇದ್ದಾರಲ್ಲ ಎಂದು ಒಂದು ದಿನ ಬಲವಂತವಾಗಿ ಕಾಲೆಳೆದುಕೊಂಡು ಅವರ ಮನೆಗೆ ಹೋದಳು. ಅವರ ನಡುಮನೆಯ ತುಂಬ ಮರದ ಪುಟ್ಟ ಪುಟ್ಟ ಸೇತುವೆ. ಹೊಳೆಯನ್ನೇ ಕಂಡರಿಯದ ಆ ಮನುಷ್ಯ ಈಗ ನೀರಿನ ಸುಳಿ, ಮರಳು, ಬುನಾದಿ ಎಂದು ನಿದ್ದೆಯಲ್ಲೂ ಮಾತಾಡುತ್ತಿದ್ದರಂತೆ. ಅವರ ಹೆಂಡತಿ ಹಣೆ ಹಣೆ ಚಚ್ಚಿಕೊಂಡು ಹೇಳಿದರು.

“ನಿಮ್ ಹೊಂಗರಗಡ್ಡಿ! ಎಂಥಾ ಜಾಗ ಅಮ್ಮಾ ಅದು!” ಪಿಳ್ಳವೆಂಕಟಪ್ಪನವರ ಕಣ್ಣುಗಳು ಮಿಂಚಿದವು. “ಅಲ್ಲಿ ಹೊಳೆ ತಳದ ಮರಳು ವರ್ಷವರ್ಷ ಜಾಗ ಬದಲಾಯಿಸ್ತದೆ. ಅವಸರ ಮಾಡಿದ್ರೆ ಕಂಬ ಕಿತ್ಕಂಡು ಹೋಯ್ತದೆ. ನಾಕು ಮಳೆಗಾಲ ಕೂತು ನೋಡ್ಬೇಕು. ಆಮೇಲೆ ಕಟ್ಟಿದ್ರೆ ನೂರು ವರ್ಷ ಅಲ್ಲಾಡಲ್ಲ.”

“ನಾಕು ಮಳಿಗಾಲ ನನ್ನ ತಮ್ಮ ಇರೂದಿಲ್ರಿ ಅಣ್ಣಾರ.”

“ಹೌದೌದು, ಹೇಳಿದ್ರಿ” ಅಂದರು ಅವರು. ಮೊದಲು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ ಮನುಷ್ಯ, ಈಗ ಪುಟ್ಟ ಸೇತುವೆಯ ಒಂದು ಕಡ್ಡಿ ನೆಟ್ಟಗೆ ಮಾಡುತ್ತ ಹಾಗೆಂದರು. ಅವರಿಗೆ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಸೇತುವೆ ಅವರಿಗೆ ಬೇಕಿತ್ತು, ಅದನ್ನು ದಾಟುವವರು ಬೇಕಿರಲಿಲ್ಲ, ಅಷ್ಟೇ. ನಿಮ್ಮ ಬಳ್ಳಿಗಳಲ್ಲಿ ಕಾಯಿ ಕಚ್ಚಿತಂತಲ್ಲ ಎಂದು ಹುಲಿಗೆಮ್ಮ ಹೇಳಿದರೆ “ಯಾವ ಬಳ್ಳಿ?” ಎಂದು ಕೇಳಿದರು.

ಹಾಗಾದರೆ ಉಳಿದದ್ದು ಅದಲುಬದಲು. ಸೇತುವೆಯ ವಿಷಯ ಹುಲಿಗೆಮ್ಮನ ಕೈಗೆ ಬಂದರೆ ಕಂಬ ಕೊಚ್ಚಿಹೋದರೂ ಚಿಂತೆಯಿಲ್ಲ, ತೇಲುವ ಸೇತುವೆಯನ್ನಾದರೂ ಈ ಮಳೆಗಾಲದೊಳಗೆ ಹಾಕಿಸಬಹುದು. ಇದನ್ನೆಲ್ಲ ಅವಳು ಸ್ಪಷ್ಟವಾಗಿ ಬಲ್ಲಳು.

*

ಅಧಿವೇಶನದ ಕೊನೆಯ ದಿನ ಇಬ್ಬರೂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿ ಡಾಕ್ಟರ್ ಶೈಲಜಾ ಇಬ್ಬರನ್ನೂ ಎದುರುಬದುರು ಕೂರಿಸಿದರು.

“ಕೇಳೂದು ಒಂದ ಪ್ರಶ್ನೆ. ಬದಲ್ ಮಾಡಿಕೋಬೇಕು ಅಂತ ನಿಮಗ ಮನಸ್ಸದ ಏನ್ರಿ?”

ಹೌದು ಎಂಬ ಒಂದು ಮಾತು. ಹುಲಿಗೆಮ್ಮ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಬಾಯಿ ತೆರೆದಳು. ಆಗ ಒಳಗಿನಿಂದ ಒಂದು ಭಯ ಎದ್ದು ಬಂತು. ಈ ಬಿಲ್ಲೆ ತೆಗೆದರೆ ನಾಳೆ ಬೆಳಿಗ್ಗೆ ಜೇನು ಬರಿಯ ಹುಳುವಾಗುತ್ತದೆ. ಎದುರಿನವರನ್ನು ನೋಡಿದಳು. ಮಗುವನ್ನು ಬಿಟ್ಟುಕೊಡು ಎಂದರೆ ಹೇಗೋ ಹಾಗೆ ಪಿಳ್ಳವೆಂಕಟಪ್ಪ ಬೆವರುತ್ತಿದ್ದರು.

“ಇವತ್ತೇ... ಆಗ್ಬೇಕಾ?” ಅಂದರು ಅವರು.

“ಮುಂದಿನ ಅಧಿವೇಶನದಾಗ ನೋಡೂಣೇನ್ರಿ ಅಣ್ಣಾರ?” ಅಂದದ್ದು ಹುಲಿಗೆಮ್ಮನೇ. ಅಂದದ್ದು ತಾನೇ ಎಂದು ಅವಳಿಗೆ ಗೊತ್ತಾಯಿತು, ನಾಚಿಕೆಯೂ ಆಯಿತು. ಅದರ ಹಿಂದೆಯೇ ಹಾಯಾಯಿತು.

“ಅದೇ ಸರಿ, ಅದೇ ಸರಿ” ಎಂದು ಪಿಳ್ಳವೆಂಕಟಪ್ಪ ಹಣೆ ಒರೆಸಿಕೊಂಡರು.

“ಮುಂದಿನ ಅಧಿವೇಶನಕ್ಕ ಅವಕಾಶ ಇಲ್ರಿ. ಇವತ್ತ ಕಡೇದು. ಕಾಯಿದೆದಾಗ ಹಾಂಗ ಬರದದ” ಎಂದರು ಡಾಕ್ಟರು.

“ತಿದ್ದುಪಡಿ ತಂದರಾತು” ಎಂದರು ಇಬ್ಬರೂ ಒಟ್ಟಿಗೆ.

ಸದನದ ನಿಯಮಗಳಿಗೆ ತಿದ್ದುಪಡಿ ತರಬೇಕಾದದ್ದು ಆ ವಿಷಯ ಸಿಕ್ಕಿದ ಸದಸ್ಯರು. ಅವರಿಗೋ ಆ ಕಾಯಿದೆಯ ಒಂದೊಂದು ಅಕ್ಷರದ ಮೇಲೂ ಪ್ರಾಣ. ಒಂದು ಅಲ್ಪವಿರಾಮ ಕೀಳಲೂ ಅವರು ಒಪ್ಪುವುದಿಲ್ಲ ಎಂದು ಇಡೀ ದಿಲ್ಲಿಗೆ ಗೊತ್ತಿತ್ತು. ಡಾಕ್ಟರ್ ಶೈಲಜಾ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ತಾನು ಮಾಡಿದ್ದೇನು ಎಂದು ಅವರಿಗೆ ಆ ಕೋಣೆಯಲ್ಲಿ ಅರ್ಥವಾಗಿರಬೇಕು. ಆದರೆ ಒಲ್ಲೆ ಎಂದವರ ಬಿಲ್ಲೆ ಕೀಳುವ ಅಧಿಕಾರ ಅವರಿಗೂ ಇರಲಿಲ್ಲ.

*

ಆ ಮಳೆಗಾಲ ಮೇಲಿನ ಅಣೆಕಟ್ಟು ತುಂಬಿತು. ಗೇಟುಗಳನ್ನು ತೆಗೆದರು. ಹೊಂಗರಗಡ್ಡಿಯ ಸುತ್ತ ಕೃಷ್ಣೆ ಕೆಂಪಗೆ ಸುತ್ತಿಕೊಂಡಳು.

ಡಯಾಲಿಸಿಸ್ ತಪ್ಪಿ ಮಾನಪ್ಪ ಮೈಯೆಲ್ಲ ಊದಿಕೊಂಡು ಉಸಿರಿಗೆ ಕಷ್ಟಪಡುತ್ತಿದ್ದಾನೆಂದು ದುರಗಮ್ಮ ಫೋನಿನಲ್ಲಿ ಬೊಬ್ಬೆ ಹೊಡೆದಳು. ಹುಲಿಗೆಮ್ಮ ಪ್ರವಾಹ ರಕ್ಷಣೆಯ ವಿಷಯ ಸಿಕ್ಕಿದ್ದ ಸದಸ್ಯರಿಗೆ ಫೋನು ಮಾಡಿದಳು. ಅವರು ಬಲು ಉತ್ಸಾಹದಿಂದ ನೀರಿನ ಮಟ್ಟ ಏರಿಳಿಯುವ ಬಗೆಯನ್ನು ವಿವರಿಸಿದರು. ನೆರೆಯಲ್ಲಿ ದಡದ ಮರದ ಜೇನುಗೂಡುಗಳು ಏನಾಗುತ್ತವೆ ಎಂದು ಇವಳು ಕೇಳಿದಳು. ಇಬ್ಬರಿಗೂ ಮಾತು ರುಚಿಸಿತು. ಫೋನಿಟ್ಟ ಮೇಲೆ ಸೆರಗು ನೋಡಿಕೊಂಡು ಹುಲಿಗೆಮ್ಮ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಮತ್ತೆ ಫೋನು ಮಾಡಿ ಕಣ್ಣುಮುಚ್ಚಿಕೊಂಡು ತಮ್ಮನ ಹೆಸರು ಹೇಳಿದಳು. ಮೋಡ ತಿಳಿಯಾದರೆ ಹೆಲಿಕಾಪ್ಟರ್ ಕಳಿಸುತ್ತೇವೆ ಎಂದರು. ಮೋಡ ತಿಳಿಯಾಗಲಿಲ್ಲ.

ಅವಳು ಊರಿಗೆ ಹೊರಟು ಬಂದಳು. ಬರಲೇಬೇಕೆಂದು ಗೊತ್ತಿತ್ತು, ಬಂದಳು.

ಹೊಳೆದಂಡೆಯಲ್ಲಿ ಜನವೋ ಜನ. ಸಂಸದೆ ಕಾರಿಳಿದಾಗ ದಾರಿ ಬಿಟ್ಟರು. ಇಂಥ ನೀರಿಗೆ ಯಾವ ದೋಣಿಯೂ ಇಳಿಯುವ ಹಾಗಿರಲಿಲ್ಲ. ಆಚೆ ಗಡ್ಡಿಯ ಏರಿನ ಮೇಲೆ ಮನೆಗಳು, ಮನೆಗಳ ಮುಂದೆ ಸಣ್ಣಗೆ ಕಾಣುವ ಜನ. ಫೋನು ರಿಂಗಾಯಿತು.

“ಅಕ್ಕಾ, ಬಂದ್ಯಾ? ನಿನ್ನ ಬಿಳಿ ಕಾರು ಕಾಣಾಕತ್ತೈತಿ ನೋಡು ನಮಗ.” ದುರಗಮ್ಮನ ದನಿ ಒಡೆದುಹೋಗಿತ್ತು. “ಇವನ್ನ ಹೊರಸಿನ ಸಮೇತ ಹೊರಗ ತಂದು ಇಟ್ಟೀವಿ. ನಮ್ಮಕ್ಕನ್ನ ನೋಡ್ತೀನಿ ಅಂತ ಹಟ ಹಿಡದಾನ. ಕೆಂಪು ಕೌದಿ ಹೊದಿಸೀನಿ. ಕಾಣತೈತೇನು?”

ಹುಲಿಗೆಮ್ಮ ತಲೆಯೆತ್ತಿದಳು.

ಅವಳಿಗೂ ಗಡ್ಡಿಗೂ ನಡುವೆ, ನೀರಂಚಿನಲ್ಲಿ ಒಂದು ಜಾಲಿಮರವಿತ್ತು. ಅದರ ಕೊಂಬೆಗೆ ವಲಸೆ ಹೊರಟ ಹೆಜ್ಜೇನಿನ ಹಿಂಡೊಂದು ಜೋತುಬಿದ್ದಿತ್ತು. ಗೂಡಿಲ್ಲ, ಮೇಣವಿಲ್ಲ, ಬರಿಯ ಹುಳುಗಳೇ ಒಂದನ್ನೊಂದು ಹಿಡಿದುಕೊಂಡ ಗೊಂಚಲು. ಅದರ ಮೇಲೆ ನಾಲ್ಕೈದು ಹುಳುಗಳು ಕುಣಿಯುತ್ತಿದ್ದವು. ಎಲ್ಲಿಗೆ ಹೋಗುವುದೆಂದು ಹಿಂಡಿಗೆ ಹೇಳುವ ಕುಣಿತ ಅದು. ಇಷ್ಟು ಹತ್ತಿರದಿಂದ ಅದನ್ನು ಅವಳು ಕಂಡಿರಲೇ ಇಲ್ಲ. ಒಂದು ಹುಳು ಎಡಕ್ಕೆ ಬಾಗಿ ಕುಣಿಯಿತು. ಎರಡು ಬಲಕ್ಕೆ. ಅವಳ ಮೈ ಜುಮ್ಮೆಂದಿತು.

ಗಡ್ಡಿ ನೋಡು, ಗಡ್ಡಿ ನೋಡು ಎಂದು ತನಗೆ ತಾನೇ ಹೇಳಿಕೊಂಡಳು. ಕಣ್ಣನ್ನು ಎಳೆದು ಆಚೆ ದಡಕ್ಕೆ ತಂದಳು. ಕೆಂಪಗೆ ಏನೋ ಕಂಡಿತು. ಕಣ್ಣು ಮತ್ತೆ ಮರಕ್ಕೇ ಹೋಯಿತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದು ತಮ್ಮನಿಗಾಗಿ ಬಂದದ್ದಲ್ಲ. ತಮ್ಮನಿಗಾಗಿ ಬರುತ್ತಿಲ್ಲವಲ್ಲ ಎಂದು ಬಂದದ್ದು.

“ನೋಡು, ಹ್ಯಾಂಗ ರೆಪ್ಪಿ ಬಡೀದ ತಮ್ಮನ್ನ ನೋಡಾಕತ್ತಾಳ” ಎಂದು ಹಿಂದೆ ನಿಂತ ಒಬ್ಬ ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಡಹುಟ್ಟಿದ ಕರುಳು.”

“ಅಕ್ಕಾ,” ಫೋನಿನಲ್ಲಿ ದುರಗಮ್ಮ, “ಅವ ನಿನಗ ಕೈ ಎತ್ಯಾನ. ಕಾಣಾಕತ್ತಾನೇನು?”

“ಕಾಣಾಕತ್ತಾನ” ಅಂದಳು ಹುಲಿಗೆಮ್ಮ. ಬೆರಳುಗಳು ಸೆರಗಿನ ಗಂಟನ್ನು ಹುಡುಕಿ ಹಿಡಿದವು. ಈಗ ಮೂರನೆಯ ಹುಳುವೂ ಬಲಕ್ಕೆ ಕುಣಿಯತೊಡಗಿತ್ತು.

ಆ ಕಡೆ ಹೊಳೆಯ ಸಪ್ಪಳದ ನಡುವೆ ಮಾನಪ್ಪ ಏನೋ ಪಿಸುಗುಟ್ಟಿದ್ದು ಕೇಳಿಸಿತು. ಆಮೇಲೆ ದುರಗಮ್ಮ ಮೆಲ್ಲಗೆ ಕೇಳಿದಳು.

“ಅವಗ ಶಕ್ತಿ ಇಲ್ಲಕ್ಕಾ, ಕೈ ನಡಗಾಕತ್ತೈತಿ. ನೀ ಪೂರ್ತಿ ನೋಡಿ ಸಾಕು ಅಂದ್ರ ಇಳಸ್ತಾನಂತ. ಏನ್ ಹೇಳ್ಲಿ?”